ಕಬಾಬ್ ಆರಿಸುವ ಮೊದಲು: ತುಂಡೋ, ಕೈಮಾವೋ, ಒಮ್ಮೆ ಬೆಂದದ್ದೋ?

ಮನೆಯಲ್ಲಿ ಕಬಾಬ್ ಮಾಡಲು ಹೊರಟವರು ಸಾಮಾನ್ಯವಾಗಿ ಮಸಾಲೆಯಿಂದ ಆರಂಭಿಸುತ್ತಾರೆ. ಯಾವ ಮೆಣಸಿನಪುಡಿ, ಎಷ್ಟು ಮೊಸರು, ನಿಂಬೆರಸ ಹಾಕಬೇಕೇ ಬೇಡವೇ ಎಂಬ ಚರ್ಚೆಯಲ್ಲೇ ಅರ್ಧ ದಿನ ಕಳೆಯುತ್ತದೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಬೇರೆ. ಬೆಂಕಿಗೆ ಹೋಗುವ ಮುಂಚೆ ಈ ಮಾಂಸಕ್ಕೆ ಏನಾಗಿದೆ? ಅದು ತುಂಡಾಗಿಯೇ ಉಳಿದಿದೆಯೇ, ಅರೆದು ಕೈಮಾ ಆಗಿದೆಯೇ, ಈಗಾಗಲೇ ಒಮ್ಮೆ ಬೆಂದಿದೆಯೇ ಅಥವಾ ಶವರ್ಮಾದಂತೆ ಪದರ ಪದರವಾಗಿ ಕಂಬಿಗೆ ಏರಿದೆಯೇ? ಎಷ್ಟು ಹೊತ್ತು ಬೇಯಿಸಬೇಕು, ಎಲ್ಲಿ ಎಡವುವ ಸಾಧ್ಯತೆ ಇದೆ, ಮಕ್ಕಳಿಗೂ ವಯಸ್ಸಾದವರಿಗೂ ಧೈರ್ಯವಾಗಿ ಬಡಿಸಬಹುದೇ ಎಂಬುದೆಲ್ಲ ಈ ಉತ್ತರದ ಮೇಲೆ ನಿಂತಿದೆ. ರುಚಿಯ ಆಯ್ಕೆ ಆಮೇಲಿನದು.

ಕಾರಣ ಸರಳ. ಆರೋಗ್ಯವಾಗಿದ್ದ ಕುರಿ ಅಥವಾ ಮೇಕೆಯ ಮಾಂಸದ ಇಡೀ ತುಂಡಿನಲ್ಲಿ ರೋಗಾಣುಗಳು ಹೆಚ್ಚಾಗಿ ಇರುವುದು ಹೊರಮೈಯಲ್ಲಿ. ಕತ್ತರಿಸುವಾಗ, ಚರ್ಮ ಸುಲಿಯುವಾಗ, ಕೈಯಿಂದ, ಹಲಗೆಯಿಂದ ಅಂಟಿಕೊಂಡವು ಅವು. ಹೊರಮೈಗೆ ಚೆನ್ನಾಗಿ ಬಿಸಿ ತಗುಲಿದರೆ ಅವು ಸಾಯುತ್ತವೆ. ಅದೇ ತುಂಡನ್ನು ಅರೆದರೆ ಹೊರಗಿದ್ದದ್ದು ಒಳಗೂ ಸೇರಿಹೋಗುತ್ತದೆ. ಕೈಮಾದಲ್ಲಿ ಹೊರಗೆ, ಒಳಗೆ ಎಂಬ ಭೇದವೇ ಇಲ್ಲ. ಹಾಗಾಗಿ ಅದರ ನಟ್ಟನಡುವೆಯೂ ಪೂರ್ತಿ ಬೇಯಬೇಕು. ಅಮೆರಿಕದ ಕೃಷಿ ಇಲಾಖೆ ಮನೆಯ ಅಡುಗೆಗೆ ಹೇಳುವ ಅಂಕಿಗಳಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ: ಕುರಿಮಾಂಸದ ಇಡೀ ತುಂಡಿಗೆ ನಡುಭಾಗದಲ್ಲಿ 63 ಡಿಗ್ರಿ ಸೆಲ್ಸಿಯಸ್, ಇಳಿಸಿದ ಮೇಲೆ ಮೂರು ನಿಮಿಷದ ವಿಶ್ರಾಂತಿ, ಕುರಿಮಾಂಸದ ಕೈಮಾಕ್ಕೆ 71 ಡಿಗ್ರಿ, ಕೋಳಿಗೆ, ಅದು ತುಂಡೇ ಇರಲಿ ಕೈಮಾವೇ ಇರಲಿ, 74 ಡಿಗ್ರಿ. ಕೋಳಿಗೆ ರಿಯಾಯಿತಿ ಇಲ್ಲ. ಸಾಲ್ಮೊನೆಲ್ಲಾ ಮತ್ತು ಕ್ಯಾಂಪಿಲೋಬ್ಯಾಕ್ಟರ್ ಎಂಬ ಎರಡು ರೋಗಾಣುಗಳು ಹಸಿ ಕೋಳಿಯಲ್ಲಿ ಸಾಮಾನ್ಯ.

ಈ ಅಂಕಿಗಳನ್ನು ಬಳಸಲು ಒಂದು ಉಪಕರಣ ಬೇಕು: ಮೊನೆಯಿರುವ ಡಿಜಿಟಲ್ ಥರ್ಮಾಮೀಟರು. ಮಾಂಸ ಬೆಂದಿದೆಯೇ ಎಂದು ಬಣ್ಣ ನೋಡಿ ಹೇಳುವುದು ನಮ್ಮ ಅಡುಗೆಮನೆಗಳಲ್ಲಿ ಬೇರೂರಿದ ಅಭ್ಯಾಸ. ಆದರೆ ಬಣ್ಣ ಎರಡೂ ಕಡೆ ದಾರಿ ತಪ್ಪಿಸುತ್ತದೆ. ಎಳೆಯ ಬ್ರಾಯ್ಲರ್ ಕೋಳಿಯ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಅದರೊಳಗಿನ ಮಜ್ಜೆಯ ಬಣ್ಣ ಹೊರಕ್ಕೆ ಒಸರಿ, ಪೂರ್ತಿ ಬೆಂದ ತುಂಡೂ ಮೂಳೆಯ ಬಳಿ ಕೆಂಪಗೆ ಕಾಣಬಹುದು. ಫ್ರೀಜರಿನಲ್ಲಿ ಇಟ್ಟ ಕೋಳಿಯಲ್ಲಂತೂ ಇದು ಇನ್ನೂ ಹೆಚ್ಚು. ಇನ್ನೊಂದು ಕಡೆ, ಕೈಮಾ ಸುರಕ್ಷಿತ ಬಿಸಿ ಮುಟ್ಟುವ ಮೊದಲೇ ಕಂದು ಬಣ್ಣಕ್ಕೆ ತಿರುಗಬಹುದು. ಮೆಣಸಿನಪುಡಿ ಸೇರಿದ ಮೇಲೆ ಬಣ್ಣವನ್ನು ನಂಬುವ ಮಾತೇ ಇಲ್ಲ.

ಎಣ್ಣೆಯಲ್ಲಿ ಕರಿದ ಚಿಕನ್ ಕಬಾಬ್

ಕರ್ನಾಟಕದ ಬೀದಿಯಲ್ಲಿ ನಿಂತು ಕಬಾಬ್ ಕೇಳಿದರೆ ಸಿಗುವುದು ಇದು. ಮೂಳೆ ಸಮೇತ ಸಣ್ಣದಾಗಿ ಕತ್ತರಿಸಿದ ಕೋಳಿ, ಶುಂಠಿ ಬೆಳ್ಳುಳ್ಳಿ, ಖಾರದ ಪುಡಿ, ಮೊಟ್ಟೆ, ಕಾರ್ನ್‌ಫ್ಲೋರ್. ಕೊನೆಗೆ ಅದೇ ಎಣ್ಣೆಯಲ್ಲಿ ಸಿಡಿಸಿದ ಕರಿಬೇವು ಮತ್ತು ಹಸಿಮೆಣಸಿನಕಾಯಿ. ಬಾಣಲೆ, ಎಣ್ಣೆ ಇದ್ದರೆ ಸಾಕು, ಕೆಂಡವೂ ಬೇಡ, ಕಂಬಿಯೂ ಬೇಡ. ಮನೆಯಲ್ಲಿ ಅತಿ ಹೆಚ್ಚು ಮಾಡುವುದೂ ಇದನ್ನೇ, ಮತ್ತು ಒಳಗೆ ಹಸಿಯಾಗಿ ಉಳಿಯುವುದೂ ಇದರಲ್ಲೇ ಹೆಚ್ಚು.

ತೊಂದರೆ ಇರುವುದು ಹಿಟ್ಟಿನ ಪದರದಲ್ಲಿ. ಎಣ್ಣೆ ಹೊಗೆಯಾಡುವಷ್ಟು ಕಾದಿದ್ದರೆ ಮೂರು ನಾಲ್ಕು ನಿಮಿಷದಲ್ಲೇ ಮೇಲ್ಪದರ ಗರಿಗರಿಯಾಗಿ ಕೆಂಪಾಗುತ್ತದೆ, ಮೂಳೆಗೆ ಅಂಟಿದ ಮಾಂಸ ಇನ್ನೂ ಬಿಸಿಯೇ ಆಗಿರುವುದಿಲ್ಲ. ಫ್ರಿಜ್‌ನಿಂದ ತೆಗೆದ ತುಂಡುಗಳನ್ನು ಒಂದೇ ಸಲ ಬಾಣಲೆ ತುಂಬ ಸುರಿದರೆ ಎಣ್ಣೆಯ ಬಿಸಿ ಕುಸಿಯುತ್ತದೆ. ತುಂಡು ಎಣ್ಣೆ ಕುಡಿಯುತ್ತದೆ, ಬೇಯುವುದು ಮಾತ್ರ ನಿಧಾನ. ಎಣ್ಣೆ 165ರಿಂದ 170 ಡಿಗ್ರಿಯ ಆಸುಪಾಸಿನಲ್ಲಿರಲಿ, ಒಂದು ಸಲಕ್ಕೆ ಬಾಣಲೆಯ ಅರ್ಧದಷ್ಟೇ ತುಂಡು ಹಾಕಿ. ಮೂಳೆಯಿರುವ ತುಂಡಿಗೆ ಎಂಟರಿಂದ ಹತ್ತು ನಿಮಿಷ ಕೊಡಿ. ಮೊದಲ ಕಂತಿನಲ್ಲಿ ದಪ್ಪನೆಯ ತುಂಡೊಂದನ್ನು ತೆಗೆದು ಮೂಳೆಯ ಪಕ್ಕಕ್ಕೆ ಥರ್ಮಾಮೀಟರು ಚುಚ್ಚಿ ನೋಡಿದರೆ ಉಳಿದ ಕಂತುಗಳಿಗೆ ಎಷ್ಟು ಹೊತ್ತು ಬೇಕೆಂದು ಗೊತ್ತಾಗುತ್ತದೆ. ಮೊನೆ ಮೂಳೆಗೆ ತಾಗಬಾರದು, ತಾಗಿದರೆ ತಪ್ಪು ಅಂಕಿ ತೋರಿಸುತ್ತದೆ.

ಎರಡು ಸಲ ಕರಿಯುವುದು ಒಳ್ಳೆಯ ಉಪಾಯ. ಒಂದು ಷರತ್ತಿನ ಮೇಲೆ. ಮೊದಲ ಸಲದಲ್ಲೇ ಮಾಂಸ ಪೂರ್ತಿ ಬೆಂದಿರಬೇಕು, ಎರಡನೆಯದು ಗರಿಗರಿಗಾಗಿ ಮಾತ್ರ. ಮಧ್ಯಾಹ್ನ ಅರ್ಧ ಕರಿದು ಬುಟ್ಟಿಯಲ್ಲಿಟ್ಟು, ಸಂಜೆ ಗಿರಾಕಿ ಬಂದಾಗ ಒಂದು ನಿಮಿಷ ಎಣ್ಣೆಗೆ ಬಿಟ್ಟು ಕೊಡುವ ಪದ್ಧತಿ ಅಂಗಡಿಗಳಲ್ಲಿ ಕಾಣುತ್ತದೆ. ಅರೆಬೆಂದ, ಬೆಚ್ಚಗಿನ ಕೋಳಿ ಗಂಟೆಗಟ್ಟಲೆ ಹಾಗೆ ಕುಳಿತಿರುವುದು ರೋಗಾಣುಗಳಿಗೆ ಎಲ್ಲಕ್ಕಿಂತ ಅನುಕೂಲವಾದ ಸ್ಥಿತಿ. ಅಂಗಡಿಯ ಮುಂದೆ ಅರೆ ಕೆಂಪಗಿನ ತುಂಡುಗಳ ರಾಶಿ ಕಂಡರೆ ನಾನು ಮುಂದಕ್ಕೆ ನಡೆಯುತ್ತೇನೆ.

ಇನ್ನು ಬಣ್ಣ. ರಾಜ್ಯದ ಆಹಾರ ಸುರಕ್ಷತಾ ಇಲಾಖೆ 39 ಕಬಾಬ್ ಮಾದರಿಗಳನ್ನು ಪರೀಕ್ಷಿಸಿದಾಗ 8 ಮಾದರಿಗಳು ಅಸುರಕ್ಷಿತ ಎಂದು ಗೊತ್ತಾಯಿತು. ಅವುಗಳಲ್ಲಿ ಸಿಕ್ಕಿದ್ದು ಸನ್‌ಸೆಟ್ ಯೆಲ್ಲೊ ಮತ್ತು ಕಾರ್ಮೋಸಿನ್ ಎಂಬ ಕೃತಕ ಬಣ್ಣಗಳು. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಕೋಳಿ, ಮೀನು ಮತ್ತು ತರಕಾರಿ ಕಬಾಬ್‌ಗಳಲ್ಲಿ ಕೃತಕ ಬಣ್ಣವನ್ನು ನಿಷೇಧಿಸಿತು. ಅದಕ್ಕೆ ಕೆಲವು ತಿಂಗಳ ಹಿಂದೆ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯ ಬಣ್ಣದ ಮೇಲೂ ಇಂಥದೇ ಕ್ರಮ ಬಂದಿತ್ತು. ಬಣ್ಣದಿಂದ ದೇಹಕ್ಕೆ ಆಗುವ ಹಾನಿಯ ಮಾತು ಒಂದು ಕಡೆಗಿರಲಿ. ಕಡುಕೆಂಪು ಬಣ್ಣ ಇನ್ನೊಂದು ಅನ್ಯಾಯವನ್ನೂ ಮಾಡುತ್ತದೆ. ಅದು ಹಳೆಯ ಮಾಂಸವನ್ನೂ ಹಸಿ ಮಾಂಸವನ್ನೂ ಒಂದೇ ಥರ ಮುಚ್ಚುತ್ತದೆ. ನಮ್ಮ ಹಾವೇರಿ ಸೀಮೆಯ ಬ್ಯಾಡಗಿ ಮೆಣಸಿನಕಾಯಿ ಇರುವಾಗ ಬಣ್ಣದ ಪುಡಿ ಏಕೆ ಬೇಕು ಎಂಬುದು ನನಗೆ ಅರ್ಥವಾಗಿಲ್ಲ. ಖಾರ ಕಡಿಮೆ, ಕೆಂಪು ಧಾರಾಳ. ಬೀಜ ತೆಗೆದು ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ಅರೆದರೆ ಒಂದು ಕೆಜಿ ಕೋಳಿಗೆ ಹತ್ತು ಹನ್ನೆರಡು ಮೆಣಸಿನಕಾಯಿ ಸಾಕು. ಕಬಾಬ್ ಪುಡಿಯ ಪ್ಯಾಕೆಟ್ ಕೊಳ್ಳುವವರು ಹಿಂಬದಿಯ ಪಟ್ಟಿಯಲ್ಲಿ ಬಣ್ಣದ ಉಲ್ಲೇಖ ಇದೆಯೇ ಎಂದು ಓದಿ.

ಎಣ್ಣೆಯ ಬಗ್ಗೆಯೂ ಒಂದು ಮಾತು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು (ಎಣ್ಣೆ ಎಷ್ಟು ಕೆಟ್ಟಿದೆ ಎಂದು ತೋರಿಸುವ ವಸ್ತುಗಳು) ಶೇ 25 ಮೀರಬಾರದು ಎಂಬ ನಿಯಮ ದೇಶದಲ್ಲಿ 2018ರ ಜುಲೈನಿಂದ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯಲಾಗದು. ಎಣ್ಣೆ ಕಪ್ಪಾಗಿ, ನೊರೆಯೆದ್ದು, ಅಂಟಂಟಾಗಿ, ಬೇಗ ಹೊಗೆಯಾಡತೊಡಗಿದರೆ ಅದರ ಕಾಲ ಮುಗಿಯಿತು.

ಟಿಕ್ಕಾ, ತಂಗಡಿ, ಬೋಟಿ

ತುಂಡು ಮಾಂಸವನ್ನು ಕಂಬಿಗೆ ಚುಚ್ಚಿ ಕೆಂಡದ ಮೇಲೆ ಅಥವಾ ತಂದೂರಿನಲ್ಲಿ ಸುಡುವ ಬಗೆಗಳಿವು. ತಂದೂರಿನ ಒಳಗಿನ ಬಿಸಿ 300 ಡಿಗ್ರಿಗೂ ಮೇಲೆ ಇರುತ್ತದೆ, ಜೊತೆಗೆ ಕಬ್ಬಿಣದ ಕಂಬಿ ಒಳಗಿನಿಂದಲೂ ಬಿಸಿ ಮುಟ್ಟಿಸುತ್ತದೆ. ಹೀಗಾಗಿ ಹೋಟೆಲಿನ ಟಿಕ್ಕಾ ಕೆಲವೇ ನಿಮಿಷದಲ್ಲಿ ಬೇಯುತ್ತದೆ. ಮನೆಯ ಓವನ್‌ನಲ್ಲಿ, ಅದೂ ಬಿದಿರಿನ ಕಡ್ಡಿಯಲ್ಲಿ, ಆ ಅನುಕೂಲವಿಲ್ಲ. ಮೂಳೆಯಿಲ್ಲದ ಒಂದು ಅಂಗುಲದ ತುಂಡುಗಳಿಗೆ 220 ಡಿಗ್ರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಬೇಕಾಗುತ್ತದೆ. ತುಂಡುಗಳನ್ನು ಒತ್ತೊತ್ತಾಗಿ ಚುಚ್ಚಬೇಡಿ. ಒಂದಕ್ಕೊಂದು ತಾಗಿದ ಜಾಗದಲ್ಲೇ ಹಸಿ ಉಳಿಯುವುದು. ಎದೆಯ ಮಾಂಸಕ್ಕಿಂತ ತೊಡೆಯ ಮಾಂಸ ಆರಿಸಿಕೊಳ್ಳಿ. ಎದೆಯ ಭಾಗ 74 ಡಿಗ್ರಿ ದಾಟಿದ ಕೂಡಲೇ ಒಣಗುತ್ತದೆ. ಆ ಭಯಕ್ಕೇ ಜನ ಬೇಗ ಇಳಿಸುತ್ತಾರೆ. ತೊಡೆ ಇನ್ನೂ ಹತ್ತು ಡಿಗ್ರಿ ಏರಿದರೂ ರಸ ಬಿಡುವುದಿಲ್ಲ. ರುಚಿ ಮತ್ತು ಸುರಕ್ಷತೆ ಒಟ್ಟಿಗೆ ಹೋಗುವ ಆಯ್ಕೆ ಇದು.

ತಂಗಡಿ, ಅಂದರೆ ಕೋಳಿಯ ಕಾಲು, ನೋಡಲು ಚಂದ, ಆದರೆ ಮನೆಯ ಜಾಲರಿಯ ಮೇಲೆ ಕಷ್ಟ. ಆಳವಾಗಿ ಮೂಳೆ ಮುಟ್ಟುವಂತೆ ಸೀಳುಗಳನ್ನು ಹಾಕಿ, ನೇರ ಕೆಂಡದಿಂದ ಪಕ್ಕಕ್ಕೆ ಸರಿಸಿ, ಮುಚ್ಚಿ ಬೇಯಿಸಿ, ಕೊನೆಯಲ್ಲಿ ಮಾತ್ರ ಕೆಂಡದ ಮೇಲೆ ತನ್ನಿ.

ಕುರಿ ಅಥವಾ ಮೇಕೆಯ ಬೋಟಿಗೆ (ಇಲ್ಲಿ ಬೋಟಿ ಎಂದರೆ ಕರುಳಲ್ಲ, ಮಾಂಸದ ತುಂಡು) ಪರಂಗಿಕಾಯಿ ಹಚ್ಚುವ ರೂಢಿ ಇದೆ. ಹಸಿ ಪರಂಗಿಯಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸದ ಪ್ರೋಟೀನನ್ನು ಕತ್ತರಿಸುತ್ತದೆ. ಹಣ್ಣಾದ ಪರಂಗಿಯಿಂದ ಈ ಕೆಲಸ ಅಷ್ಟಾಗಿ ಆಗದು. ಅರ್ಧ ಕೆಜಿಗೆ ಒಂದು ದೊಡ್ಡ ಚಮಚ ಸಾಕು; ರಾತ್ರಿಯಿಡೀ ಬಿಟ್ಟರೆ ಹೊರಪದರ ಹಿಟ್ಟಿನಂತಾಗುತ್ತದೆ. ಮೊಸರು, ನಿಂಬೆ, ಪರಂಗಿ ಯಾವುದೂ ಮಾಂಸವನ್ನು ಬೇಯಿಸುವುದಿಲ್ಲ, ರೋಗಾಣುಗಳನ್ನು ನಂಬುವ ಮಟ್ಟಿಗೆ ಕೊಲ್ಲುವುದೂ ಇಲ್ಲ. ಆದ್ದರಿಂದ ಮಸಾಲೆ ಹಚ್ಚಿದ ಮಾಂಸ ನೆನೆಯಬೇಕಾದದ್ದು ಫ್ರಿಜ್‌ನಲ್ಲಿ, ಅಡುಗೆಕಟ್ಟೆಯ ಮೇಲಲ್ಲ. ಸುಡುವಾಗ ಮೇಲೆ ಸವರಲು ಮಸಾಲೆ ಬೇಕಿದ್ದರೆ ಮೊದಲೇ ಒಂದು ಬಟ್ಟಲು ಎತ್ತಿಡಿ. ಹಸಿ ಮಾಂಸ ಮುಳುಗಿದ್ದ ಮಸಾಲೆಯನ್ನು ಬೆಂದ ತುಂಡಿಗೆ ಸವರಿದರೆ ಮಾಡಿದ ಕೆಲಸವೆಲ್ಲ ನೀರಿಗೆ ಹೋದಂತೆ.

ಸೀಖ್ ಮತ್ತು ಗಲೌಟಿ

ಕೈಮಾದ ಕಬಾಬ್‌ಗಳಲ್ಲಿ ಎಲ್ಲವೂ ಅಂಗಡಿಯಿಂದಲೇ ಆರಂಭ. ಮೊದಲೇ ಅರೆದಿಟ್ಟ ಕೈಮಾ ಬೇಡ. ಮಾಂಸದ ತುಂಡನ್ನು ನೋಡಿ ಆರಿಸಿ, ನಿಮ್ಮ ಮುಂದೆಯೇ ಅರೆಯಿಸಿ, ನೇರವಾಗಿ ಮನೆಗೆ ಬನ್ನಿ, ಅದೇ ದಿನ ಬೇಯಿಸಿ. ಅದಕ್ಕೆ ಆಗದಿದ್ದರೆ ಆ ದಿನ ಸೀಖ್ ಕಬಾಬ್, ಅಂದರೆ ಕೈಮಾವನ್ನು ಕಂಬಿಗೆ ಮೆತ್ತಿ ಸುಡುವ ಕಬಾಬ್, ಅದರ ಆಸೆ ಬಿಡುವುದು ಒಳ್ಳೆಯದು.

ಕೊಬ್ಬು ಶೇ 20ರಷ್ಟು ಇರಲಿ. ಇಲ್ಲದಿದ್ದರೆ ಕಬಾಬ್ ಮರದ ತುಂಡಿನಂತಾಗುತ್ತದೆ. ಟರ್ಕಿಯ ಅದಾನಾದಲ್ಲಿ ಯಂತ್ರದಲ್ಲಿ ಅರೆಯುವುದಿಲ್ಲ. ಜಿರ್ಹ್ ಎಂಬ ಬಾಗಿದ ಕತ್ತಿಯಿಂದ ಕುರಿಮಾಂಸವನ್ನೂ ಬಾಲದ ಕೊಬ್ಬನ್ನೂ ಕೈಯಲ್ಲೇ ಕೊಚ್ಚಿ, ಅಗಲವಾದ ಚಪ್ಪಟೆ ಕಂಬಿಗೆ ಮೆತ್ತುತ್ತಾರೆ. ಚಪ್ಪಟೆ ಕಂಬಿಗೆ ಕಾರಣವಿದೆ: ದುಂಡು ಕಂಬಿಯನ್ನು ತಿರುಗಿಸಿದಾಗ ಕೈಮಾ ಅಲ್ಲೇ ನಿಂತು ಕಂಬಿ ಮಾತ್ರ ತಿರುಗುತ್ತದೆ, ಒಂದು ಬದಿ ಸುಟ್ಟು ಇನ್ನೊಂದು ಹಸಿಯಾಗಿ ಉಳಿಯುತ್ತದೆ. ಕೈಮಾ ಕಂಬಿಯಿಂದ ಜಾರದಂತೆ ಹಿಡಿದಿಡುವುದು ಉಪ್ಪು. ಉಪ್ಪು ಹಾಕಿ ಐದಾರು ನಿಮಿಷ ನಾದಿದರೆ ಮಾಂಸದ ಪ್ರೋಟೀನು ಕರಗಿ ಅಂಟಾಗುತ್ತದೆ. ಅರ್ಧ ಕೆಜಿಗೆ ಒಂದೂವರೆ ಸಣ್ಣ ಚಮಚ ಉಪ್ಪು, ಹಿಂಡಿ ನೀರು ತೆಗೆದ ಈರುಳ್ಳಿ, ಎರಡು ಚಮಚ ಹುರಿಗಡಲೆ ಪುಡಿ. ಕೈಮಾ ತಣ್ಣಗಿರುವಾಗಲೇ ಕಂಬಿಗೆ ಏರಿಸಿ. ಬೆಚ್ಚಗಾದರೆ ಕೊಬ್ಬು ಕರಗಿ ಜಾರುತ್ತದೆ, ರೋಗಾಣುಗಳೂ ಬೆಳೆಯುತ್ತವೆ. ರುಚಿ ನೋಡಬೇಕಿದ್ದರೆ ಹಸಿ ಕೈಮಾವನ್ನು ನಾಲಿಗೆಗೆ ತಾಗಿಸದೆ ಒಂದು ಚಿಕ್ಕ ಬಿಲ್ಲೆ ಹೆಂಚಿನ ಮೇಲೆ ಬೇಯಿಸಿ ನೋಡಿ.

ಮನೆಯ ಹೆಂಚಿನ ಮೇಲೆ ಸೀಖ್ ಮಾಡುವವರು ದಪ್ಪವನ್ನು ಎರಡು ಸೆಂಟಿಮೀಟರಿಗೆ ನಿಲ್ಲಿಸಿ, ಮಧ್ಯಮ ಉರಿಯಲ್ಲಿ ಮುಚ್ಚಿ ಬೇಯಿಸಿದರೆ ನಡುಭಾಗ 71 ಡಿಗ್ರಿ ಮುಟ್ಟುವುದು ಕಷ್ಟವಲ್ಲ. ಕೆಂಡದ ಮೇಲೆ ಮಾಡುವವರಿಗೆ ಬೇರೆ ಎಚ್ಚರ ಬೇಕು. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಎದ್ದ ಹೊಗೆಯಲ್ಲಿ ಕ್ಯಾನ್ಸರ್‌ಕಾರಕ ಎಂದು ಗುರುತಿಸಿದ ರಾಸಾಯನಿಕಗಳಿರುತ್ತವೆ. ಜ್ವಾಲೆ ಎದ್ದಾಗ ಕಂಬಿಯನ್ನು ಪಕ್ಕಕ್ಕೆ ಸರಿಸಿ, ಇದ್ದಿಲಾದ ಅಂಚನ್ನು ಕೆರೆದು ತೆಗೆಯಿರಿ.

ಗಲೌಟಿ ಲಖನೌದ ಹೆಮ್ಮೆ. ಅಲ್ಲಿನ ಟುಂಡೆ ಕಬಾಬಿ ಅಂಗಡಿ 1905ರಿಂದ ನಡೆದುಬಂದಿದೆ. ಬೆಣ್ಣೆಯಂತೆ ಅರೆದ ಕೈಮಾ, ಪರಂಗಿಕಾಯಿ, ಹತ್ತಾರು ಬಗೆಯ ಮಸಾಲೆ, ತುಪ್ಪ ಹಾಕಿದ ಅಗಲ ಹೆಂಚು. ತಿನ್ನಲು ಇದರ ಸಮ ಇಲ್ಲ. ಮೊದಲ ಸಲ ಮನೆಯಲ್ಲಿ ಮಾಡುವವರಿಗೆ ನಾನು ಶಿಫಾರಸು ಮಾಡುವುದಿಲ್ಲ. ಮಾಂಸ ಮೆತ್ತಗಾಗಲೆಂದು ಗಂಟೆಗಟ್ಟಲೆ ಇಡಬೇಕು, ಆ ಹೊತ್ತು ಕೈಮಾ ತಣ್ಣಗಿರಲೇಬೇಕು; ಬಿಲ್ಲೆ ಮೃದುವಾದ್ದರಿಂದ ಒಡೆಯುವ ಭಯಕ್ಕೆ ಜನ ಬೇಗ ಮಗುಚಿ ಬೇಗ ಇಳಿಸುತ್ತಾರೆ. ಅದಕ್ಕೆ ಕೆಂಡದ ಹೊಗೆ ಹಿಡಿಸುವಾಗಲೂ ಐದು ನಿಮಿಷ ಸಾಕು. ಹೊಗೆ ಪರಿಮಳ ಕೊಡುತ್ತದೆ, ಬೇಯಿಸುವುದಿಲ್ಲ.

ಶಾಮಿ: ನನ್ನ ಆಯ್ಕೆ

ಗಲೌಟಿಯ ಪಕ್ಕದಲ್ಲಿಟ್ಟರೆ ಶಾಮಿ ಕಬಾಬ್ ನೋಡಲು ಅದರಂತೆಯೇ ಇರುತ್ತದೆ. ಒಳಗಿನ ಕಥೆ ಪೂರ್ತಿ ಬೇರೆ. ಇಲ್ಲಿ ಮಾಂಸವನ್ನು ಕಡಲೆಬೇಳೆ, ಶುಂಠಿ, ಒಣಮೆಣಸಿನಕಾಯಿ, ಚಕ್ಕೆ ಲವಂಗದ ಜೊತೆ ಮೊದಲೇ ಬೇಯಿಸಿ, ನೀರೆಲ್ಲ ಇಂಗಿಸಿ, ಆಮೇಲೆ ಅರೆಯುತ್ತಾರೆ. ಅಂದರೆ ಅರೆಯುವಾಗ ಒಳಸೇರಲು ಹಸಿ ಮಾಂಸದ ರೋಗಾಣುಗಳು ಹೆಚ್ಚುಕಡಿಮೆ ಉಳಿದಿರುವುದಿಲ್ಲ. ಅರ್ಧ ಕೆಜಿ ಮಾಂಸಕ್ಕೆ 125 ಗ್ರಾಂ ಬೇಳೆ, ಪ್ರೆಷರ್ ಕುಕ್ಕರಿನಲ್ಲಿ ಬೆರಳಿಗೆ ಹಿಸುಕಿದರೆ ಬಿಡಿಸಿಕೊಳ್ಳುವಷ್ಟು ಬೇಯಿಸಬೇಕು. ಕುಕ್ಕರಿನೊಳಗಿನ ಬಿಸಿ ಸುಮಾರು 120 ಡಿಗ್ರಿ. 74ರ ಲೆಕ್ಕಾಚಾರವೇ ಬೇಡ. ಆಮೇಲೆ ಹೆಂಚಿನ ಮೇಲೆ ಎರಡನೆಯ ಸಲ ಕಾಯುತ್ತದೆ.

ನಮ್ಮ ಕಡೆಯ ಕೈಮಾ ಉಂಡೆ ಮಾಡಿ ಗೊತ್ತಿರುವವರಿಗೆ ಶಾಮಿಯ ಹದ ಬೇಗ ಕೈಗೆ ಬರುತ್ತದೆ. ಅಲ್ಲಿ ಹುರಿಗಡಲೆ, ಇಲ್ಲಿ ಕಡಲೆಬೇಳೆ. ಒಂದೇ ವ್ಯತ್ಯಾಸ ಮರೆಯಬಾರದು: ಉಂಡೆಗೆ ಸಾಮಾನ್ಯವಾಗಿ ಹಸಿ ಕೈಮಾವನ್ನೇ ಕಟ್ಟಿ ಸಾರಿಗೆ ಬಿಡುತ್ತಾರೆ, ಆದ್ದರಿಂದ ಅದು ಕುದಿಯುವ ಸಾರಿನಲ್ಲಿ ಪೂರ್ತಿ ಬೇಯಬೇಕು.

ಶಾಮಿಗೂ ಒಂದು ದುರ್ಬಲ ಗಳಿಗೆ ಇದೆ. ಬೆಂದ ಮಾಂಸ ಅರೆದು, ಹಸಿ ಈರುಳ್ಳಿ, ಪುದೀನ, ಮೊಟ್ಟೆ ಸೇರಿಸಿ, ಕೈಯಲ್ಲಿ ಬಿಲ್ಲೆ ತಟ್ಟುವ ಹೊತ್ತು. ಹಸಿ ಮಾಂಸ ಕತ್ತರಿಸಿದ ಹಲಗೆಯನ್ನೇ ಇಲ್ಲಿ ಬಳಸಿದರೆ ಕುಕ್ಕರಿನ ಶ್ರಮ ವ್ಯರ್ಥ. ಕುಕ್ಕರಿನಿಂದ ತೆಗೆದದ್ದನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ ಸೇರಿಸಿ. ದೊಡ್ಡ ಪಾತ್ರೆಯಲ್ಲಿ ರಾಶಿಯಾಗಿ ಬಿಟ್ಟ ಬೆಂದ ಮಾಂಸ ನಿಧಾನವಾಗಿ ಆರುತ್ತದೆ. ಬೇಯಿಸಿದರೂ ಸಾಯದೆ ಬೀಜಾಣುವಾಗಿ ಉಳಿಯುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ರೋಗಾಣು ಮತ್ತೆ ಬೆಳೆಯುವುದು ಅಂಥ ಬೆಚ್ಚಗಿನ ರಾಶಿಯಲ್ಲೇ. ತಟ್ಟಿದ ಬಿಲ್ಲೆಗಳನ್ನು ನಡುವೆ ಹಾಳೆಯಿಟ್ಟು ಫ್ರೀಜರಿನಲ್ಲಿ ತಿಂಗಳ ಮಟ್ಟಿಗೆ ಇಡಬಹುದು. ನೆಂಟರು ಬಂದ ದಿನ ನೇರವಾಗಿ ಹೆಂಚಿಗೆ ಹಾಕಿ, ಸಣ್ಣ ಉರಿಯಲ್ಲಿ ಒಳಗೆಲ್ಲ ಹಬೆಯಾಡುವವರೆಗೆ ಕಾಯಿಸಬಹುದು. ಇಷ್ಟು ಉಪಕಾರಿಯಾದ ಕಬಾಬ್ ಇನ್ನೊಂದಿಲ್ಲ.

ಶವರ್ಮಾ, ಡೋನರ್

ಡೋನರ್ ಎಂದರೆ ಶವರ್ಮಾದಂಥದೇ ಟರ್ಕಿಯ ಕಬಾಬ್. ಇವನ್ನು ಮನೆಯಲ್ಲಿ ಮಾಡುವ ಪ್ರಶ್ನೆ ಕಡಿಮೆ, ಎಲ್ಲಿ ತಿನ್ನಬೇಕು ಎಂಬುದೇ ಆಯ್ಕೆ. ಹಸಿ ಮಾಂಸದ ಪದರಗಳನ್ನು ನಿಂತ ಕಂಬಿಗೆ ಪೇರಿಸಿ, ಬದಿಯಿಂದ ಬೆಂಕಿ ಕೊಟ್ಟು, ಬೆಂದ ಹೊರಪದರವನ್ನು ಕೆತ್ತುತ್ತ ಹೋಗುತ್ತಾರೆ. ಹೊರಗೆ ಬೆಂದಿರುವಾಗ ಒಳಗೆ ಬರೀ ಬೆಚ್ಚಗಿರುತ್ತದೆ. ವ್ಯಾಪಾರ ಬಿರುಸಾಗಿ ನಡೆದು ಬೆಂಕಿಯೂ ನಿಲ್ಲದೆ ಉರಿಯುತ್ತಿದ್ದರೆ ತೊಂದರೆಯಿಲ್ಲ. ಗಿರಾಕಿ ಕಡಿಮೆಯಾದಾಗ ಉರಿ ಆರಿಸುವುದು, ನೂಕುನುಗ್ಗಲಿನಲ್ಲಿ ಆಳಕ್ಕೆ ಕೆತ್ತುವುದು, ರಾತ್ರಿ ಉಳಿದದ್ದನ್ನು ಮರುದಿನದ ಕಂಬಿಗೆ ಸೇರಿಸುವುದು: ಅಪಾಯ ಬರುವುದು ಈ ಮೂರರಿಂದ.

2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಹಲವರು ಅಸ್ವಸ್ಥರಾದರು, ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ಪರೀಕ್ಷೆಯಲ್ಲಿ ಶಿಗೆಲ್ಲಾ ಎಂಬ ರೋಗಾಣು ಪತ್ತೆಯಾಯಿತು. ಅದಾದ ಮೇಲೆ ಕೇರಳ ಶವರ್ಮಾಕ್ಕೆಂದೇ ನಿಯಮಗಳನ್ನು ತಂದಿತು. ಪಾರ್ಸೆಲ್ ಮೇಲೆ ತಯಾರಿಸಿದ ಹೊತ್ತನ್ನೂ ಒಂದು ಗಂಟೆಯೊಳಗೆ ತಿನ್ನಬೇಕೆಂಬ ಸೂಚನೆಯನ್ನೂ ಬರೆಯುವುದು ಅದರಲ್ಲಿ ಒಂದು. ಜೊತೆಗೆ ಕೊಡುವ ಮೇಯೊನೇಸ್ ಇನ್ನೊಂದು ಚಿಂತೆ. ಹಸಿ ಮೊಟ್ಟೆಯ ಮೇಯೊನೇಸನ್ನು ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ನಿಷೇಧಿಸಿದವು. ಮಾಂಸ ಎಷ್ಟೇ ಚೆನ್ನಾಗಿ ಬೆಂದಿರಲಿ, ಬೇಯದ ಮೊಟ್ಟೆ ಅದರ ಮೇಲೆ ಬಿದ್ದರೆ ಲಾಭವೇನು? ನಾನು ಕೇಳುವುದು ಎರಡೇ: ಕೆತ್ತಿದ ಮಾಂಸವನ್ನು ಹೆಂಚಿನ ಮೇಲೆ ಮತ್ತೊಮ್ಮೆ ಬಿಸಿ ಮಾಡಿ ಕೊಡಿ, ಮೇಯೊನೇಸ್ ಬೇಡ.

ಯಾರಿಗೆ, ಯಾವಾಗ, ಯಾವುದು

ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಮಧುಮೇಹ ಇರುವವರು, ಈಚೆಗೆ ಕಾಯಿಲೆಯಿಂದ ಎದ್ದವರು ಮನೆಯಲ್ಲಿದ್ದರೆ ಶಾಮಿ ಮಾಡಿ. ಎರಡನೆಯ ಸ್ಥಾನ ಮೂಳೆಯಿಲ್ಲದ ತೊಡೆಮಾಂಸದ ಟಿಕ್ಕಾಕ್ಕೆ. ಇವರಿಗೆ ಹೊರಗಿನ ಶವರ್ಮಾ ಬೇಡ.

ಹತ್ತಿಪ್ಪತ್ತು ಜನ ಸೇರುವ ಮನೆಯ ಸಮಾರಂಭಕ್ಕೆ ಕರಿದ ಚಿಕನ್ ಕಬಾಬ್ ಸುಲಭ ಎನಿಸುತ್ತದೆ. ಒಬ್ಬರೇ ಬಾಣಲೆಯ ಮುಂದೆ ನಿಂತು ಐದು ಕೆಜಿ ಕರಿಯುವ ಹೊತ್ತಿಗೆ ಕೊನೆಯ ಕಂತಿನಲ್ಲಿ ತಾಳ್ಮೆ ತಪ್ಪುತ್ತದೆ. ಅಂಥ ದಿನ ಮೂಳೆಯಿಲ್ಲದ ತುಂಡು ಕೊಳ್ಳಿ. ನಾಲ್ಕೈದು ನಿಮಿಷದಲ್ಲಿ ಬೇಯುತ್ತದೆ, ಒಂದೇ ಗಾತ್ರದಲ್ಲಿರುವುದರಿಂದ ಅಂದಾಜು ತಪ್ಪುವುದಿಲ್ಲ. ಹಸಿ ಕೋಳಿಯನ್ನು ಎಣ್ಣೆಗೆ ಬಿಡುವ ಕೈ ಒಂದು, ಬೆಂದದ್ದನ್ನು ತಟ್ಟೆಗೆ ಹಾಕುವ ಜಾಲರಿಸೌಟು ಇನ್ನೊಂದು ಇರಲಿ. ಕೋಳಿಯನ್ನು ನಲ್ಲಿಯ ಕೆಳಗೆ ರಭಸವಾಗಿ ತೊಳೆಯುವುದನ್ನೂ ಬಿಡಿ, ಹನಿಗಳು ಸಿಡಿದು ಸೊಪ್ಪು ತರಕಾರಿಯ ಮೇಲೆ ಬೀಳುತ್ತವೆ.

ಮಹಡಿಯ ಮೇಲೆ ಕೆಂಡ ಹಾಕಿ ಸುಡುವ ಆಸೆಯಿದ್ದರೆ, ಥರ್ಮಾಮೀಟರು ಇದೆಯೇ ಎಂಬುದರ ಮೇಲೆ ನಿರ್ಧರಿಸಿ. ಇದ್ದರೆ ಸೀಖ್, ಇಲ್ಲದಿದ್ದರೆ ಸಣ್ಣ ತುಂಡಿನ ಟಿಕ್ಕಾ. ಮಸಾಲೆ ಹಚ್ಚಿದ ಮಾಂಸವನ್ನು ಮಂಜುಗಡ್ಡೆಯ ಡಬ್ಬಿಯಲ್ಲೇ ಮೇಲಕ್ಕೆ ಒಯ್ದು, ಕಂಬಿಗೆ ಬೇಕಾದಷ್ಟೇ ಹೊರತೆಗೆಯಿರಿ. ಫ್ರೀಜರಿನ ಮಾಂಸ ಬಳಸುವುದಾದರೆ ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅಂಕಣದಲ್ಲಿ ಕರಗಲು ಇಡಿ, ನಡುವೆ ಮಂಜುಗಡ್ಡೆ ಉಳಿದ ತುಂಡು ಯಾವ ಬೆಂಕಿಯಲ್ಲೂ ಸಮವಾಗಿ ಬೇಯುವುದಿಲ್ಲ.

ಬಡಿಸಿದ ಮೇಲೆ ಉಳಿದದ್ದು 5ರಿಂದ 60 ಡಿಗ್ರಿಯ ನಡುವೆ ಎರಡು ಗಂಟೆಗಿಂತ ಹೆಚ್ಚು ಇರಕೂಡದು; ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಒಂದೇ ಗಂಟೆ. ಮರುದಿನ ತಿನ್ನುವಾಗ ಒಳಗಿನವರೆಗೆ 74 ಡಿಗ್ರಿ ಬರುವಂತೆ ಒಮ್ಮೆ ಮಾತ್ರ ಕಾಯಿಸಿ. ರಾತ್ರಿಯಿಡೀ ಹೊರಗೆ ಉಳಿದದ್ದನ್ನು ಕಾಯಿಸಿದರೂ ಪ್ರಯೋಜನವಿಲ್ಲ: ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣು ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ, ಅದನ್ನು ಎಸೆಯಿರಿ.